ಭಂಗಾರದ ಮನುಷ್ಯರು

ಮದುವೆಯಾಗಿ 1968ರಲ್ಲಿ ಕುಂದಾಪುರದ ಕಡೆಯಿಂದ ಕುರ್ಲಾಕ್ಕೆ ಬಂದಿಳಿದ ನಮ್ಮ ಅತ್ತೆ, ಮೂರನೆಯ ದಿನವೇ ಗಲ್ಲಿಯಲ್ಲಿ ‘ಭಂಗಾರ್‌ವಾಲೇ...’ ಎಂಬ ಕೂಗು ಕೇಳಿ ಗಡಬಡಿಸಿ ಎದ್ದು ಕಿಟಕಿಯಲ್ಲಿ ಇಣುಕಿದರಂತೆ. ನೋಡಿದರೆ ಒಂದು ಕೈಗಾಡಿ. ಅದರಲ್ಲಿ ತಗಡಿನ ಡಬ್ಬ, ಮುರಿದ ಕೊಡೆ, ಚಕ್ರವಿಲ್ಲದ ಸೈಕಲ್ಲು. ‘ಇದೆಂಥ ಊರು, ಬಂಗಾರವನ್ನು ಗಾಡಿಯ ಮೇಲೆ ಹಾಕಿ ಮಾರುತ್ತಾರೆ, ಅದೂ ತಗಡಿನ ಅಡಿಯಲ್ಲಿ ಬಚ್ಚಿಟ್ಟು’ ಎಂದು ರಾತ್ರಿ ಮಾವನ ಹತ್ತಿರ ಬೆರಗು ತೋಡಿಕೊಂಡರಂತೆ. ನಮ್ಮೂರಿನ ಗುಜರಿಗೆ ಮುಂಬಯಿಯಲ್ಲಿ ಭಂಗಾರ ಎನ್ನುತ್ತಾರೆ. ಬಕಾರದ ಕಾಲಿಗೆ ಒಂದು ಸೀಳು ಬಿದ್ದರೆ ಸಾಕು, ಬೀರುವಿನೊಳಗೆ ಇರಬೇಕಾದದ್ದು ಬೀದಿಗೆ ಬರುತ್ತದೆ.

ಆ ಸೀಳು ಎಲ್ಲಿ ಬೀಳಬೇಕು ಎಂಬುದರ ಮೇಲೆ 2025ರ ಮೇ ತಿಂಗಳಿಡೀ ನಮ್ಮ ಮನೆಯಲ್ಲಿ ಜಗಳವಾಯಿತು.

ಜಗಳದ ವಸ್ತು ಒಂದು ಪತ್ರಾ ಶೆಡ್ಡು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಮಾವನ ಹೋಟೆಲಿನ ಹಿಂಬದಿ ಮೋರಿಗೂ ಅಡುಗೆಮನೆಗೂ ನಡುವೆ ಕುಳಿತದ್ದು. ಸುತ್ತ ಆಂಗಲ್ ಕಬ್ಬಿಣದ ಚೌಕಟ್ಟು, ಮೇಲೆ ಮತ್ತು ನಾಲ್ಕೂ ಬದಿಗೆ ತಗಡು. ತಗಡಿಗೆ ಇಲ್ಲಿ ಪತ್ರಾ ಎಂದೇ ಹೆಸರು. ಹಿಂದೆ ಒಮ್ಮೆ ಮಾವ ಊರಿನ ತಾಯಿಗೆ ‘ಈ ಸಲ ಮಳೆಗಾಲಕ್ಕೆ ಮುಂಚೆ ಹೊಸ ಪತ್ರ ಹಾಕಿಸಿದೆ, ನೂರಿಪ್ಪತ್ತು ರೂಪಾಯಿ ಖರ್ಚಾಯಿತು’ ಎಂದು ಬರೆದಿದ್ದರಂತೆ. ‘ಪತ್ರ ಹಾಕಲಿಕ್ಕೆ ನೂರಿಪ್ಪತ್ತು ರೂಪಾಯಿ ಎಂತಕೆ, ಇನ್‌ಲ್ಯಾಂಡಿನಲ್ಲಿ ಬರೆದರೆ ಸಾಲದಾ’ ಎಂದು ಅಲ್ಲಿಂದ ಉತ್ತರ ಬಂತು.

ಮಾವ ಈ ಊರಿಗೆ ಬಂದದ್ದು ಹದಿನಾಲ್ಕರ ವಯಸ್ಸಿನಲ್ಲಿ, ಗ್ಲಾಸು ತೊಳೆಯುವುದಕ್ಕೆ. ಶೆಡ್ಡನ್ನು ಕಟ್ಟಿಸಿದ್ದು ಆಗಿನ ಧನಿ, 1958ರಲ್ಲಿ. ಹಗಲು ಅದರಲ್ಲಿ ಬಟಾಟೆ, ನೀರುಳ್ಳಿ, ಇದ್ದಿಲು. ರಾತ್ರಿ ಅದೇ ಬಟಾಟೆ ಮೂಟೆಗಳ ನಡುವೆ ಆರು ಮಂದಿ ಹುಡುಗರು. ಆಮೇಲೆ ಹೋಟೆಲು ಮಾವನದೇ ಆಯಿತು, ಅವರು ಬಿಲ್ಡಿಂಗಿನ ಎರಡನೆಯ ಮಾಳಿಗೆಗೆ ಏರಿದರು, ಶೆಡ್ಡಿನಲ್ಲಿ ಬೇರೆ ಹುಡುಗರು ಮಲಗಿದರು. ಶೆಡ್ಡಿನ ಬಾಗಿಲಿಗೆ ಬೇರೆಯೇ ವಂಶಾವಳಿ ಇದೆ. ಕುರ್ಲಾದಲ್ಲಿ ವಾಲಚಂದ ಹೀರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಇತ್ತಲ್ಲ, 1950ರ ದಶಕದಲ್ಲಿ ಅಲ್ಲಿಗೆ ಫಿಯೆಟ್ ಕಾರುಗಳು ಇಟಲಿಯಿಂದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದು ಜೋಡಣೆಯಾಗುತ್ತಿದ್ದವು. ಆ ಪೆಟ್ಟಿಗೆಗಳ ಹಲಗೆಯಿಂದಲೇ ಈ ಬಾಗಿಲು ಮಾಡಿದ್ದು ಎಂಬುದು ಮಾವನ ವಾದ. ಪುರಾವೆ ಏನೂ ಇಲ್ಲ. ಆದರೆ ಮುಂಬಯಿಯಲ್ಲಿ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದಾಗ ಮಾವ ಆ ಬಾಗಿಲಿಗೆ ಹೂವಿನ ಹಾರ ಹಾಕಿದ್ದನ್ನು ನಾನೇ ಕಂಡಿದ್ದೇನೆ.

ಪುರಾವೆ ಅಂದೆ. ಮಾವನಿಗೆ ಪ್ರಾಣಕ್ಕಿಂತ ಹೆಚ್ಚಿನದು ಅದೇ. ಹಳೆಯ ಲೈಟ್ ಬಿಲ್ಲು, ತೆರಿಗೆ ರಸೀದಿ, ಲೈಸೆನ್ಸಿನ ನಕಲು ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಇವೆ. ಯಾಕೆಂದರೆ ಮುಂಬಯಿ ಮಹಾನಗರ ಪಾಲಿಕೆಯ ಲೆಕ್ಕದಲ್ಲಿ 1962ರ ಏಪ್ರಿಲ್ 1ಕ್ಕೆ ಮೊದಲೇ ಇದ್ದ ವ್ಯಾಪಾರದ ಕಟ್ಟಡ, 1964ರ ಏಪ್ರಿಲ್ 17ಕ್ಕೆ ಮೊದಲೇ ಇದ್ದ ವಾಸದ ಕಟ್ಟಡ, ಮಂಜೂರಾದ ನಕ್ಷೆ ಇಲ್ಲದಿದ್ದರೂ ‘ಟಾಲರೇಟೆಡ್ ಸ್ಟ್ರಕ್ಚರ್’. ಮಂಜೂರಾದದ್ದಲ್ಲ, ಕೆಡವಬೇಕಾದದ್ದೂ ಅಲ್ಲ. ಇದೆಯಲ್ಲ, ಇರಲಿ ಬಿಡಿ ಎಂಬ ಜಾತಿಯದು. ಇಂಥ ಒಂದು ವರ್ಗ ಸರಕಾರದ ಕಾಗದದಲ್ಲಿ ಇದೆ ಎಂದು ಗೊತ್ತಾದ ದಿನ ನನಗೆ ದೊಡ್ಡ ಸಮಾಧಾನವಾಯಿತು. ನಾನು ಶಿವಮೊಗ್ಗೆಯವನು, ಅಂದರೆ ಮಾವನ ಮನೆಯವರ ಲೆಕ್ಕದಲ್ಲಿ ಘಟ್ಟದ ಮೇಲಿನವನು. ಮೀನಿನ ಮುಳ್ಳು ಬಿಡಿಸಲು ಬಾರದ ಅಳಿಯ. ಮದುವೆಗೆ ಯಾರೂ ಮಂಜೂರಾತಿ ಕೊಟ್ಟಿರಲಿಲ್ಲ, ಆದರೆ ಇಪ್ಪತ್ತೈದು ವರ್ಷದಿಂದ ಯಾರೂ ಕೆಡವಿಯೂ ಇಲ್ಲ. ಶೆಡ್ಡಿಗೂ ನನಗೂ ಇರುವ ಪ್ರೀತಿಯ ಮೂಲ ಇದೇ.

ಈಗ ಆ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು. ಮೇ ಕೊನೆಯೊಳಗೆ ಖಾಲಿ ಮಾಡಿಕೊಡಬೇಕು. ಮಾವ-ಅತ್ತೆ ಬದ್ಲಾಪುರದ ನಮ್ಮ ರೋ-ಹೌಸಿಗೆ ಬಂದಿರುವುದೆಂದು ತೀರ್ಮಾನವಾಯಿತು. ಹೋಟೆಲಿನ ಮೇಜು-ಕುರ್ಚಿ, ಕಲ್ಲಿನ ಗ್ರೈಂಡರು, ಗಲ್ಲಾಪೆಟ್ಟಿಗೆ ಎಲ್ಲವೂ ಎರಡೇ ದಿನದಲ್ಲಿ ಮಾರಾಟವಾದವು. ಮಾವ ತುಟಿ ಎರಡು ಮಾಡಲಿಲ್ಲ. ಶೆಡ್ಡಿನ ಸರದಿ ಬಂತು. ಭಂಗಾರ್‌ವಾಲಾ ಬಂದ, ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಒಂದು ತಗಡನ್ನು ಬೆರಳಿನಿಂದ ಟಣ್ ಎನ್ನಿಸಿದ, ‘ಕಬ್ಬಿಣ-ಪತ್ರಾ ಕೂಡಿ ನಾಲ್ಕು ನೂರು ಕಿಲೋ, ಕಿಲೋಗೆ 28, ಬಾಗಿಲು ಫುಕಟ್’ ಎಂದ. ತೂಗದೆಯೇ ಅಷ್ಟು ಹೇಳಿದ! ಆಮೇಲೆ ನನ್ನ ಮಗ ಮೊಬೈಲಿನಲ್ಲಿ ಆಂಗಲ್ಲಿನ ಉದ್ದಗಲ ಹಾಕಿ, ತಗಡಿನ ಚದರ ಮೀಟರು ಕೂಡಿಸಿ ಅರ್ಧ ಗಂಟೆ ಲೆಕ್ಕ ಮಾಡಿದ. ನಾಲ್ಕು ನೂರ ಇಪ್ಪತ್ತು ಬಂತು. ನಾಲ್ಕು ವರ್ಷ ಇಂಜಿನಿಯರಿಂಗ್ ಕಾಲೇಜಿನ ಫೀಸು ಕಟ್ಟುತ್ತಿರುವ ನಾನು ಭಂಗಾರ್‌ವಾಲಾನ ಬೆರಳನ್ನೇ ನೋಡುತ್ತ ನಿಂತೆ.

‘ಕೊಡುದಿಲ್ಲ’ ಎಂದರು ಮಾವ. ಅದೂ ಬಾಗಿಲು ಫುಕಟ್ ಎಂಬ ಮಾತು ಕೇಳಿದ ಮೇಲೆ. ‘ಇದು ನಮ್ಮ ಜೊತೆ ಬತ್ತದೆ.’

ಆ ರಾತ್ರಿ ಮನೆಯಲ್ಲಿ ಮಹಾಸಭೆ. ನನ್ನಾಕೆ ಕಡುವಿರೋಧಿ. ‘ಅಪ್ಪಯ್ಯ, ಬದ್ಲಾಪುರದಲ್ಲಿ ಹೊಸ ಪತ್ರಾ ಸಿಗುದಿಲ್ವಾ? ತುಕ್ಕನ್ನು ಟೆಂಪೋದಲ್ಲಿ ಹಾಕಿ ಒಯ್ಯುವ ಜನ ನಾವೇ ಮೊದಲು.’ ಇಲ್ಲಿ ನಾನು ಬಾಯಿ ಹಾಕಬಾರದಿತ್ತು, ಹಾಕಿದೆ. ಮಣಿಪಾಲದ ವಿಜಯನಾಥ ಶೆಣೈಯವರ ಕತೆ ಎತ್ತಿದೆ. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ ಮಾಡಿಕೊಂಡಿದ್ದ ಮನುಷ್ಯ, ಕೆಡವಿ ಸೌದೆಗೆ ಹೋಗಲಿದ್ದ ಹಳೆಯ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿಸಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರಲ್ಲ! ಕುಂಜೂರಿನ ಚೌಕಿಮನೆ, ಮುಧೋಳದ ಅರಮನೆಯ ದರ್ಬಾರ್ ಹಾಲು, ಕುಕನೂರಿನ ಕಮಲ್ ಮಹಲು. ಹಿಂದಿನ ಸಲ ಊರಿಗೆ ಹೋದಾಗ ಟಿಕೀಟು ತೆಗೆಸಿ ಎಲ್ಲರಿಗೂ ತೋರಿಸಿದವನು ನಾನೇ. ‘ಅದು ಅರಮನೆ, ಇದು ಬಟಾಟೆ ಗೋದಾಮು’ ಎಂದಳು ಇವಳು. ಭಾವ ನನ್ನ ಸಹಾಯಕ್ಕೆ ಬಂದರು. ಅವರಿಗೆ ಕೋಟೆ ಕಡೆಯ ಇತಿಹಾಸವೆಲ್ಲ ಬಾಯಿಪಾಠ. ‘ಕಾಲಾಘೋಡಾದ ವಾಟ್ಸನ್ ಹೋಟೆಲು ಗೊತ್ತುಂಟಾ? ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಂಬ-ತೊಲೆಗಳನ್ನು ಹಡಗಿನಲ್ಲಿ ತಂದು 1860ರ ದಶಕದಲ್ಲಿ ಇಲ್ಲಿ ಜೋಡಿಸಿದ್ದು. ಐದು ಮಾಳಿಗೆಯ ಹೋಟೆಲು ಸಮುದ್ರ ದಾಟಿ ಬಂತು, ನಮ್ಮ ಶೆಡ್ಡು ಕಲ್ಯಾಣ ದಾಟದಾ?’ ಇವಳು ಅಷ್ಟಕ್ಕೆ ಬಿಡುವವಳಲ್ಲ. ‘ಅದೇ ಬಿಲ್ಡಿಂಗನ್ನು 2019ರಲ್ಲಿ ಬೀಳುತ್ತದೆ ಅಂತ ಖಾಲಿ ಮಾಡಿಸಿದರಲ್ಲ, ಅದನ್ನೂ ಹೇಳು.’

ಅತ್ತೆ ಮಾತ್ರ ಒಂದೇ ಮಾತು ಹೇಳಿದರು. ‘ಇವರಿಗೆ ದಿನಕ್ಕೆ ಎಂಟು ಚಾ ಬೇಕು. ಮನೆಯೊಳಗೆ ಕೂತರೆ ನನ್ನ ತಲೆ ತಿನ್ನುತ್ತಾರೆ. ಹಿತ್ತಲಿನಲ್ಲಿ ಒಂದು ಜಾಗ ಇರಲಿ.’ ಅಲ್ಲಿಗೆ ಮಸೂದೆ ಪಾಸಾಯಿತು. ಇವಳು ಒಂದು ತಿದ್ದುಪಡಿಯನ್ನು ಬರೆಸಿಕೊಂಡಳು: ಶೆಡ್ಡಿನ ಕಿಟಕಿ ಅಡುಗೆಮನೆಯ ಕಡೆ ಬರಕೂಡದು, ಆಚೆಯ ಬಯಲಿನ ಕಡೆ ಇರಬೇಕು. ಕಾರಣ ‘ಗಾಳಿ ಬರಲಿ ಅಂತ’. ನಿಜವಾದ ಕಾರಣ ಆ ಎಂಟು ಚಹಾ ಎಂಬುದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಬಿಚ್ಚುವ ಕೆಲಸ ಮುಂದಿನ ಭಾನುವಾರ ಶುರುವಾಯಿತು. ಕಟ್ಟುವುದಕ್ಕಿಂತ ಬಿಚ್ಚುವುದು ಸುಲಭ ಎಂದು ಯಾರಾದರೂ ಹೇಳಿದರೆ ಅವರ ಕೈಗೆ ಒಂದು ಅರವತ್ತೇಳು ವರ್ಷದ ಬೋಲ್ಟು ಕೊಡಿ. ಮುಂಬಯಿಯ ಲುಹಾರರಿಗೆ ಇಂಚಿಗೆ ಎಂಟು ಸೂತು, ‘ತೀನ್ ಸೂತ್’ ಅಂದರೆ ಎಂಟರಲ್ಲಿ ಮೂರು ಪಾಲಿನ ಬೋಲ್ಟು. ನಮ್ಮದು ಅಂಥದ್ದು ನೂರಾರು. ಮೊದಲನೆಯದನ್ನು ಹಿಡಿದೆ. ಬೋಲ್ಟು ಯಾವುದು, ನಟ್ಟು ಯಾವುದು, ನಡುವಿನ ತುಕ್ಕು ಯಾವುದು ತಿಳಿಯುವಂತಿರಲಿಲ್ಲ. ಮೂರೂ ಕೂಡಿ ಒಂದು ಕೆಂಪು ಗಂಟಾಗಿತ್ತು. ಪಾನಾ ಹಾಕಿದರೆ ಮೂಲೆಗಳು ಹಿಟ್ಟಿನಂತೆ ಉದುರಿದವು, ಪಾನಾ ಜಾರಿ ನನ್ನ ಗೆಣ್ಣು ಆಂಗಲ್ಲಿಗೆ ಹೊಡೆಯಿತು. ಮಗ ಗ್ರೈಂಡರು ತರಿಸೋಣ ಎಂದ. ಭಾವ ಘನ ಎತ್ತಿದರು. ಮಾವ ಇಬ್ಬರನ್ನೂ ತಡೆದು, ಒಂದು ಹಳೆಯ ಬನಿಯನ್ನು ಹರಿದು ಚಿಂದಿ ಮಾಡಿ, ಸೀಮೆ ಎಣ್ಣೆಯಲ್ಲಿ ಅದ್ದಿ, ಒಂದೊಂದು ಬೋಲ್ಟಿಗೂ ಗಾಯಕ್ಕೆ ಪಟ್ಟಿ ಕಟ್ಟುವಂತೆ ಸುತ್ತಿಸಿದರು. ‘ನಾಳೆ ಬನ್ನಿ’ ಎಂದರು. ಮರುದಿನ ಪಟ್ಟಿ ಬಿಚ್ಚಿ, ನಟ್ಟಿನ ಎರಡು ಬದಿಗೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ, ತೆಂಗಿನಕಾಯಿ ಒಡೆಯುವ ಮುಂಚೆ ತಟ್ಟಿ ನೋಡುತ್ತೇವಲ್ಲ ಹಾಗೆ, ನಾಲ್ಕು ಪೆಟ್ಟು. ಕೆಂಪು ಪುಡಿ ಸುರಿಯಿತು. ಪಾನಾ ಹಾಕಿ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದು ಕೂದಲೆಳೆ, ಆಮೇಲೆ ಬಿಚ್ಚುವ ದಿಕ್ಕಿಗೆ. ಕ್ಯಾ... ಎಂದು ಬೆಕ್ಕಿನ ಮರಿಯಂತೆ ಕೂಗಿ ಬೋಲ್ಟು ತಿರುಗಿತು. ಒಳಗಿನ ಮರೆ ಇನ್ನೂ ಹೊಳೆಯುತ್ತಿತ್ತು.

ಹತ್ತಕ್ಕೆ ಆರು ಹಾಗೆ ಬಂದವು, ನಾಲ್ಕು ಮುರಿದವು. ಮುರಿದದ್ದಕ್ಕೆ ಬದಲಿ ತರಲು ಭಾವನನ್ನು ಮಸ್ಜಿದ್ ಬಂದರದ ನಾಗದೇವಿ ಸ್ಟ್ರೀಟಿಗೆ ಕಳಿಸಿದೆವು. ಅಲ್ಲಿ ನಟ್ಟು-ಬೋಲ್ಟನ್ನು ಕಡಲೆಕಾಯಿಯಂತೆ ತೂಗಿ ಕೊಡುತ್ತಾರೆ. ಭಾವ ಬರುವಾಗ ಬೋಲ್ಟಿನ ಜೊತೆ ಒಂದು ಹಿತ್ತಾಳೆಯ ಬೀಗ, ಎರಡು ಕಪ್ಪಿ, ಏನೆಂದು ಅವರಿಗೂ ತಿಳಿಯದ ಒಂದು ಯಂತ್ರ ತಂದರು. ‘ಸಸ್ತಾ ಇತ್ತು’ ಎಂದರು. ಗಂಡಸರನ್ನು ಒಬ್ಬರೇ ಕಳಿಸಬಾರದ ಜಾಗಗಳಲ್ಲಿ ಹಾರ್ಡ್‌ವೇರ್ ಅಂಗಡಿ ಮೊದಲನೆಯದು ಎಂಬುದು ಇವಳ ಹಳೆಯ ಸಿದ್ಧಾಂತ.

ಇನ್ನು ನಂಬರು ಹಾಕುವ ವಿಷಯ. ಹಳೆಯ ತಗಡನ್ನು ಬಿಚ್ಚಿ ಮತ್ತೆ ಹಾಕುವವರು ಇದೊಂದನ್ನು ನೆನಪಿಡಬೇಕು. ತಗಡಿಗೆ ಉಬ್ಬು-ತಗ್ಗು ಇರುತ್ತದಲ್ಲ, ತೂತನ್ನು ಉಬ್ಬಿನ ಮೇಲೆ ಕೊರೆಯಬೇಕು. ತಗ್ಗಿನಲ್ಲಿ ಕೊರೆದರೆ ಮಳೆನೀರು ಅಲ್ಲೇ ಹರಿದು ಒಳಗಿಳಿಯುತ್ತದೆ. ತೂತಿಗೆ ಜೆ-ಹುಕ್ಕು, ಅದರ ಮೇಲೆ ಡಾಂಬರಿನ ವಾಯ್ಸರು. ಹಳೆಯ ತಗಡಿನಲ್ಲಿ ಆ ತೂತುಗಳು ಮೊದಲೇ ಇವೆ. ಹಾಗಾಗಿ ಒಂದೊಂದು ತಗಡೂ ತನ್ನ ಹಳೆಯ ಜಾಗಕ್ಕೇ ಹೋಗಿ ಕೂತರೆ ಹುಕ್ಕು ಸಲೀಸಾಗಿ ಇಳಿಯುತ್ತದೆ. ಜಾಗ ತಪ್ಪಿತೋ, ಹೊಸ ತೂತು ಕೊರೆಯಬೇಕು, ಹಳೆಯ ತೂತು ಬಾಯಿ ಕಳೆದು ಮಳೆ ಕಾಯುತ್ತದೆ.

ಮಗ ಕಂಪ್ಯೂಟರಿನಲ್ಲಿ ಒಂದು ಚಿತ್ರ ಮಾಡಿ, ತಗಡಿಗೊಂದು ಸ್ಟಿಕರ್ ಅಂಟಿಸಿದ. ಎ-ಒನ್, ಬಿ-ಟು ಎಂದೆಲ್ಲ ಸಿನೆಮಾ ಟಿಕೀಟಿನ ಹಾಗೆ. ಭಾವನಿಗೆ ಅದರ ಮೇಲೆ ನಂಬಿಕೆ ಇಲ್ಲ, ಅವರು ಸುಣ್ಣದ ಕಡ್ಡಿಯಲ್ಲಿ ತಮ್ಮದೇ ನಂಬರು ಬರೆದರು. ಕೂಲಿಗೆ ಬಂದ ಹುಡುಗ ಇಬ್ಬರದೂ ತಿಳಿಯದೆ ಮರಾಠಿ ಅಂಕಿಯಲ್ಲಿ ಮೂರನೆಯದು ಹಾಕಿದ. ಮಾವ ಯಾರಿಗೂ ಹೇಳದೆ ಮಧ್ಯಾಹ್ನ ಎಲ್ಲರೂ ವಡಾ-ಪಾವ್ ತಿನ್ನಲು ಹೋದಾಗ, ಮೊಳೆಯ ತುದಿಯಿಂದ ತಗಡಿನ ಒಳಮೈ ಗೀರಿ ಕನ್ನಡ ಅಂಕಿ ಬರೆದರು. ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು, ಉಳಿದದ್ದು ಮುಂಬಯಿಯ ರಾತ್ರಿ ಶಾಲೆ. ಗಲ್ಲಾದಲ್ಲಿ ಅರವತ್ತು ವರ್ಷ ಲೆಕ್ಕ ಬರೆದದ್ದೂ ಅದೇ ಅಂಕಿಯಲ್ಲಿ. ಇನ್‌ಕಮ್ ಟ್ಯಾಕ್ಸಿನ ವಕೀಲರಿಗೆ ಪ್ರತಿವರ್ಷ ತಲೆನೋವು. ಅದರಲ್ಲಿ ಮಾವನಿಗೆ ಇದ್ದ ಲಾಭವೇನೆಂದು ನಾನು ಕೇಳಿಲ್ಲ.

ಸಾಗಿಸುವ ದಿನ ಛೋಟಾ ಹಾಥಿ ಬಂತು. ಟಾಟಾದವರ ಏಸ್ ಗಾಡಿಗೆ ಮುಂಬಯಿ ಇಟ್ಟ ಹೆಸರು ಅದು. ಅದರ ಬೆನ್ನು ಏಳಡಿ, ನಮ್ಮ ಆಂಗಲ್ಲು ಹನ್ನೆರಡು. ಡ್ರೈವರು ನೋಡಿ, ‘ಸೇಟ್, ಇದಕ್ಕೆ ಬಡಾ ಹಾಥಿ ಬೇಕು’ ಎಂದು ವಾಪಸು ಹೋದ. ಆಮೇಲೆ ಬಂದದ್ದು 407. ಎರಡಡಿ ಹೊರಗೆ ಚಾಚಿದ ಕಬ್ಬಿಣದ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಅತ್ತೆ ತಮ್ಮ ಹಳೆಯ ರವಿಕೆ ಕೊಟ್ಟರು. ಡ್ರೈವರಿನ ಪಕ್ಕ ಮಾವ, ಅವರ ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬ. ‘ಅದನ್ನು ಎಂತಕೆ ತಂದದ್ದು? ಅದರಲ್ಲಿರುವ ಪುರಾವೆಯೆಲ್ಲ ಕುರ್ಲಾದ ಜಾಗಕ್ಕೆ ಮಾತ್ರ, ಬದ್ಲಾಪುರದಲ್ಲಿ ನಡೆಯುದಿಲ್ಲ’ ಎಂದು ಭಾವ ಹೇಳಿದರೆ, ‘ದಾರಿಯಲ್ಲಿ ಯಾರಾದರೂ ಕೇಳಿದರೆ?’ ಎಂದರು. ಮುಲುಂಡ್, ಠಾಣೆ, ಕಲ್ಯಾಣ ದಾಟುವವರೆಗೆ ಯಾರೂ ಕೇಳಲಿಲ್ಲ. ಮಾವನಿಗೆ ಸ್ವಲ್ಪ ನಿರಾಸೆಯೇ ಆಯಿತು.

ಶಿವಾಜಿ ಕಾಲದಲ್ಲಿ ಸೈನಿಕರು ಇಲ್ಲಿ ಕುದುರೆ ಬದಲಿಸುತ್ತಿದ್ದರು, ಅದಕ್ಕೇ ಬದ್ಲಾಪುರ ಎಂಬ ಮಾತು ನಮ್ಮ ಕಡೆ ಇದೆ. ಕುದುರೆ ಬದಲಿಸಿದವರಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ, ನಮಗೆ ಸಾಮಾನು ಇಳಿಸಲಿಕ್ಕೇ ಶನಿವಾರ ಮುಗಿಯಿತು. ಭಾನುವಾರ ಆರು ಗುಂಡಿ ತೋಡಿದೆವು. ಮುಂಬಯಿಗೆ ಮುಂಗಾರು ಬರುವ ಲೆಕ್ಕದ ತಾರೀಕು ಜೂನ್ 11. ಇನ್ನೂ ಎರಡು ವಾರಕ್ಕಿಂತ ಹೆಚ್ಚು ಸಮಯವಿದೆ ಎಂದು ತಗಡನ್ನೆಲ್ಲ ಅಂಗಳದಲ್ಲಿ ಗೋಡೆಗೆ ಒರಗಿಸಿ, ಬೆನ್ನು ಉಜ್ಜಿಕೊಂಡು ಮಲಗಿದೆವು.

ಮೇ 26ರ ಸೋಮವಾರ ಬೆಳಿಗ್ಗೆ ಮುಂಗಾರು ಬಂತು. ಹದಿನಾರು ದಿನ ಮೊದಲೇ! 1950ರಿಂದ ಇಟ್ಟ ಲೆಕ್ಕದಲ್ಲಿ ಇಷ್ಟು ಬೇಗ ಬಂದದ್ದೇ ಇಲ್ಲವಂತೆ. ಆ ತಿಂಗಳೇ ಬಾಗಿಲು ತೆರೆದಿದ್ದ ವರಳಿಯ ಆಚಾರ್ಯ ಅತ್ರೆ ಚೌಕದ ಭೂಗತ ಮೆಟ್ರೋ ನಿಲ್ದಾಣದೊಳಗೇ ನೀರು ನುಗ್ಗಿತು ಎಂದಮೇಲೆ ನಮ್ಮ ಅಂಗಳದ ಮಾತೇನು. ಅದು ಟಿವಿಯಲ್ಲಿ ಬಂತು, ನಮ್ಮದು ಬರಲಿಲ್ಲ, ಅಷ್ಟೇ ವ್ಯತ್ಯಾಸ. ಗುಂಡಿಗಳು ಆರು ಕೆರೆಗಳಾದವು. ಮಗ ಅಂಟಿಸಿದ ಸ್ಟಿಕರುಗಳು ಕಾಗದದ ದೋಣಿಗಳಂತೆ ಗೇಟಿನ ಕಡೆ ತೇಲಿದವು. ಭಾವನ ಸುಣ್ಣ, ಕೂಲಿ ಹುಡುಗನ ಮರಾಠಿ ಅಂಕಿ, ಎರಡೂ ಒಂದೇ ಬಿಳಿ ನೀರಾಗಿ ಮೋರಿಗೆ ಹೋದವು. ಚಿತ್ರವಿದ್ದ ಕಂಪ್ಯೂಟರಿಗೆ ಕರೆಂಟು ಇಲ್ಲ.

ಉಳಿದದ್ದು ಮೊಳೆಯ ಗೀರು.

ಮಾವ ಕುರ್ಚಿ ತರಿಸಿ ಜಗಲಿಯಲ್ಲಿ ಕೂತರು. ಮುಖದಲ್ಲಿ ಗೆದ್ದ ಭಾವ ತೋರಿಸಬಾರದೆಂದು ಎಷ್ಟು ಕಷ್ಟಪಟ್ಟರೋ ದೇವರೇ ಬಲ್ಲ. ಈಗ ತೊಂದರೆಯೆಂದರೆ ನನ್ನ ಮಗನಿಗೂ ಮಗಳಿಗೂ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಇವಳು ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತವಳು, ಆದರೆ ಈ ವ್ಯವಹಾರಕ್ಕೆ ಕೈ ಹಾಕುವುದಿಲ್ಲ ಎಂದು ಮೊದಲೇ ಘೋಷಿಸಿದ್ದಳು. ಭಾವನಿಗೆ ಓದಲು ಬಂದರೂ ಬರುವುದಿಲ್ಲ ಎನ್ನುವ ವಯಸ್ಸು. ಹೀಗಾಗಿ ಎರಡು ದಿನ ಮಳೆಯ ನಡುವೆ ಜಗಲಿಯಲ್ಲಿ ಕನ್ನಡ ಶಾಲೆ ನಡೆಯಿತು. ಬೊಟ್ಟಿನಂತೆ ಇದೆ ಎಂದು ಸೊನ್ನೆಯನ್ನು ಹಿಡಿದರು. ಎರಡು, ಮೂರು ಕೂಡ ಸುಲಭ, ಬೆಸ್ಟ್ ಬಸ್ಸಿನ ಹಣೆಯ ಮೇಲೆ ಇರುವ ಮರಾಠಿ ಅಂಕಿಯ ಅಣ್ಣತಮ್ಮಂದಿರು. ಏಳು ಕಂಡು ಮಗಳು ‘ಇದು ಟೂ ಬರೆಯಲು ಹೋಗಿ ಮಲಗಿಬಿಟ್ಟಿದೆ’ ಎಂದಳು. ಗಂಡಾಂತರ ಇದ್ದದ್ದು ೬ ಮತ್ತು ೯ರಲ್ಲಿ. ಅಚ್ಚಿನಲ್ಲಿಯೇ ಬಾಲದ ಕೊಂಕಿನಷ್ಟು ವ್ಯತ್ಯಾಸ. ಮೊಳೆಯಿಂದ, ಎಂಬತ್ತನಾಲ್ಕು ವರ್ಷದ ಕೈಯಿಂದ, ತುಕ್ಕು ಹಿಡಿದ ತಗಡಿನ ಮೇಲೆ ಗೀರಿದಾಗ ಅವು ಅವಳಿ-ಜವಳಿ. ಹುಟ್ಟಿದ ಮನೆಯವರಿಗೆ ಮಾತ್ರ ಗುರುತು ಸಿಗುವಂಥವು.

ಮಳೆ ಹೊಳವಾದಾಗಲೆಲ್ಲ ಕೆಲಸ. ಕಂಬಗಳನ್ನು ನಿಲ್ಲಿಸಿ ಕಾಂಕ್ರೀಟು ತುಂಬುವಾಗ ಮಟ್ಟ ನೋಡಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿಯುತ್ತಾರೆ. ಭಾವ, ‘ನನ್ನ ಕಣ್ಣೇ ಮಟ್ಟಗೋಲು’ ಎಂದು ಆ ಪೈಪಿನಿಂದ ಗಿಡಕ್ಕೆ ನೀರು ಬಿಟ್ಟರು. ಚೌಕಟ್ಟು ಏರಿಸಿದಾಗ ಒಂದು ಮೂಲೆ ಎರಡಿಂಚು ಕೆಳಗೆ. ಭಾವನ ಮುಖ ಸಪ್ಪಗಾಯಿತು. ನಾನು ಸಮಾಧಾನ ಹೇಳಿದೆ: ಅಂಧೇರಿಯ ಗೋಖಲೆ ಸೇತುವೆ ನೆನಪಿಲ್ಲವಾ? ಹಳೆಯದನ್ನು ಕೆಡವಿ ಹೊಸದು ಕಟ್ಟಿ 2024ರ ಫೆಬ್ರವರಿಯಲ್ಲಿ ತೆರೆದರು, ಪಕ್ಕದ ಬರ್ಫಿವಾಲಾ ಫ್ಲೈಓವರಿಗೂ ಅದಕ್ಕೂ ಸುಮಾರು ಒಂದೂವರೆ ಮೀಟರು ಎತ್ತರದ ವ್ಯತ್ಯಾಸ, ಎರಡೂ ಕೂಡಲೇ ಇಲ್ಲ. ಆಮೇಲೆ ಫ್ಲೈಓವರಿಗೆ ಜಾಕ್ ಕೊಟ್ಟು ಎತ್ತಿ ಜೋಡಿಸಿದರು. ಅಷ್ಟು ದೊಡ್ಡ ಊರಿನ ಅಷ್ಟು ದೊಡ್ಡ ಇಂಜಿನಿಯರುಗಳಿಗೆ ಮಾಫಿ ಇದ್ದರೆ ಎರಡಿಂಚಿಗೆ ಗಲ್ಲು ಯಾಕೆ? ನಮ್ಮದಕ್ಕೂ ಕಾರಿನ ಜಾಕನ್ನೇ ಕೊಟ್ಟು ಎತ್ತಿದೆವು. ಅಡಿಗೆ ಕಡಪದ ಕಲ್ಲಿನ ಚೂರು. ಅಂದಿನಿಂದ ಆ ಮೂಲೆಗೆ ಗೋಖಲೆ ಮೂಲೆ ಎಂದು ಹೆಸರು.

ಮಂಗಳವಾರ ಸಂಜೆ ತಗಡು ಎತ್ತುವಾಗ ಅಂಚು ನನ್ನ ಅಂಗೈ ಸೀಳಿತು. ಟಿಟಿ ಇಂಜೆಕ್ಷನ್ನಿಗೆ ಹೋಗಿ ಕೂತೆ. ದವಾಖಾನೆಯಲ್ಲಿ ನನ್ನ ಮುಂದೆ ನಾಲ್ಕು ಮಂದಿ, ಎಲ್ಲರದೂ ಪತ್ರಾ ಗಾಯವೇ. ಮುಂಗಾರು ಬೇಗ ಬಂದದ್ದರಿಂದ ಇಡೀ ಬದ್ಲಾಪುರ ಮಾಡು ರಿಪೇರಿಗೆ ಹತ್ತಿತ್ತು. ಒಂದೂವರೆ ಗಂಟೆ ಬಿಟ್ಟು ಬಂದರೆ ಎರಡೂ ಬದಿಯ ಗೋಡೆ ನಿಂತು ಹುಕ್ಕು ಬಿಗಿದಾಗಿತ್ತು. ಎಲ್ಲರೂ ಸ್ವಲ್ಪ ದೂರ ನಿಂತು ನೋಡುತ್ತಿದ್ದರು. ನಾನೂ ನೋಡಿದೆ.

ಕಿಟಕಿ ಅಡುಗೆಮನೆಯ ಕಡೆ ಇತ್ತು.

ತನಿಖೆ ನಡೆಯಿತು. ಕಿಟಕಿ ಇದ್ದ ತಗಡಿನ ನಂಬರು ೬, ಎದುರುಬದಿಯ ಬೋಳು ತಗಡಿನದು ೯. ಎರಡೂ ಒಂದೇ ಅಳತೆ, ತೂತುಗಳೂ ಒಂದೇ ಸಾಲು, ಅದಲುಬದಲಾದರೂ ಹುಕ್ಕಿಗೆ ಗೊತ್ತಾಗುವುದಿಲ್ಲ. ಮಗಳು ಅಳುಮೋರೆ ಮಾಡಿದಳು. ‘ನಾನು ಅಜ್ಜನನ್ನೇ ಕೇಳಿದೆ. ಇದು ಸಿಕ್ಸಾ ನೈನಾ ಅಂತ. ಅಜ್ಜ ಒಂಬತ್ತು ಅಂದರು.’ ಎಲ್ಲರೂ ಜಗಲಿಯ ಕಡೆ ತಿರುಗಿದರು. ಮಾವ ಕಣ್ಣು ಕಿರಿದು ಮಾಡಿ, ‘ಕನ್ನಡಕ ಒಳಗೆ ಉಂಟು ಮಾರಾಯ, ಮಬ್ಬು ಬೆಳಕು’ ಎಂದರು. ಅರವತ್ತು ವರ್ಷ ಗಲ್ಲಾದಲ್ಲಿ ಕೂತು, ದೂರದ ಮೇಜಿನವನ ಕೈಯಲ್ಲಿದ್ದ ನೋಟು ಹತ್ತರದೋ ನೂರರದೋ ಎಂದು ಕನ್ನಡಕವಿಲ್ಲದೆ ಹೇಳುತ್ತಿದ್ದ ಮನುಷ್ಯ!

ಬಿಚ್ಚಿ ಮತ್ತೆ ಹಾಕೋಣ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಮಾಡು ಹಾಕಲು ಇನ್ನೊಂದು ದಿನ, ಕೆಂಪು ಆಕ್ಸೈಡ್ ಬಳಿಯಲು ಮತ್ತೊಂದು ದಿನ. ಕೊನೆಗೆ ಬಾಗಿಲು. ಅದನ್ನು ಮಾವ ತಾವೇ ಕೂರಿಸಿದರು, ಬಿಜಾಗರಿಗೆ ಕೊಬ್ಬರಿ ಎಣ್ಣೆ ಬಿಟ್ಟರು. ಭಾವ ನಾಗದೇವಿ ಸ್ಟ್ರೀಟಿನಿಂದ ತಂದಿದ್ದ ಆ ಹಿತ್ತಾಳೆ ಬೀಗ ಅದಕ್ಕೆ ಅಳೆದು ಮಾಡಿಸಿದಂತೆ ಹೊಂದಿತು. ಹೊಂದಬಾರದಿತ್ತು, ಈಗ ಅವರನ್ನು ಹಿಡಿಯುವವರಿಲ್ಲ.

ಇವಳು ಲೆಕ್ಕದ ಪುಸ್ತಕ ತಂದಳು. 407ರ ಬಾಡಿಗೆ, ವಾಪಸು ಹೋದ ಛೋಟಾ ಹಾಥಿಗೆ ಕೊಟ್ಟ ಡೀಸೆಲ್ ಖರ್ಚು, ಕೂಲಿ, ಸಿಮೆಂಟು, ಬೋಲ್ಟು, ಯಂತ್ರವೆಂದು ಮಾತ್ರ ಬರೆದ ಯಂತ್ರ, ಆಕ್ಸೈಡು, ವೆಲ್ಡಿಂಗಿನವನು, ಟಿಟಿ ಇಂಜೆಕ್ಷನ್ ಮೂರು, ಮೂವ್ ಟ್ಯೂಬು ನಾಲ್ಕು, ವಡಾ-ಪಾವ್ ತೊಂಬತ್ತಾರು. ಹೊಸ ಶೆಡ್ಡಿಗೆ ನಮ್ಮ ಗಲ್ಲಿಯ ವೆಲ್ಡಿಂಗಿನವನು ಹೇಳಿದ್ದಕ್ಕಿಂತ ಮೂರು ಸಾವಿರದ ಇನ್ನೂರು ಹೆಚ್ಚು. ಅದರ ಮೇಲೆ ಭಂಗಾರ್‌ವಾಲಾ ಕೊಡಬೇಕಿದ್ದ ಹನ್ನೊಂದು ಸಾವಿರ ಚಿಲ್ಲರೆ ಕಳಕೊಂಡದ್ದು ಬೇರೆ ಕಾಲಮ್ಮಿನಲ್ಲಿ. ಪುಟದ ಮೇಲೆ ಅವಳು ಕೊಟ್ಟ ತಲೆಬರಹ ‘ಬಂಗಾರ’. ಸೀಳು ಹಾಕದೆಯೇ.

ಮೊದಲ ಸಂಜೆ. ಹೊರಗೆ ಜಡಿಮಳೆ, ತಗಡಿನ ಮೇಲೆ ಅದರ ಸದ್ದು ಎಷ್ಟೆಂದರೆ ಟಿವಿಯ ಧಾರಾವಾಹಿಯಲ್ಲಿ ಯಾರು ಯಾರಿಗೆ ವಿಷ ಹಾಕಿದರೆಂದು ಅತ್ತೆಗೆ ಕೇಳಿಸಲಿಲ್ಲ. ಮಾವ ಶೆಡ್ಡಿನೊಳಗೆ ಮಂಚ ಹಾಕಿಸಿ, ಬಿಸ್ಕತ್ತಿನ ಡಬ್ಬವನ್ನು ತಲೆದೆಸೆಗೆ ಇಟ್ಟುಕೊಂಡು ಕೂತಿದ್ದರು. ಕಿಟಕಿಯಿಂದ ನಮ್ಮ ಗ್ಯಾಸಿನ ಒಲೆಗೆ ಸರಿಯಾಗಿ ಐದು ಅಡಿ.

‘ಏಕ್ ಕಟಿಂಗ್... ಶಕ್ಕರ್ ಕಮ್...’

ಹೋಟೆಲಿನ ಆರ್ಡರಿನ ಅದೇ ರಾಗ, ಕೊನೆಗೆ ಎಳೆದು ಬಿಡುವುದು. ಇವಳು ‘ಇಲ್ಲಿ ಯಾರೂ ವೇಟರು ಇಲ್ಲ’ ಎಂದು ಅಷ್ಟೇ ಜೋರಾಗಿ ಹೇಳುತ್ತಲೇ ಲೈಟರು ಒತ್ತಿದಳು. ಚಹಾ ಕುದಿಯುವಾಗ ನನ್ನ ಕಡೆ ತಿರುಗಿ, ‘ಘಟ್ಟದ ಮೇಲೆ ಕನ್ನಡ ಚೆನ್ನಾಗಿ ಕಲಿಸುತ್ತಾರಂತಲ್ಲ, ಹೇಳಿ ಕಾಂಬ, ಆರಕ್ಕೆ ಬಾಲ ಯಾವ ಬದಿಗೆ?’ ಎಂದಳು.

ಕಿಟಕಿಯಾಚೆ ಮಾವ ಕೇಳಿಸಿಕೊಳ್ಳುತ್ತಿದ್ದರು. ನಾನು ಟಾಲರೇಟೆಡ್ ಸ್ಟ್ರಕ್ಚರು. ‘ಚಾ ಉಕ್ಕುತ್ತಿದೆ ನೋಡು’ ಎಂದೆ.